ಹಳದಿಯ ಎರಡು ಎಳೆ

"ಅಯ್ಯೋ ಪಾಪಿ! ಅದು ನನ್ ಕಂಬಳಿ ಅಲ್ವೇನೇ?"

ಲಾಕ್ಲನ್ ಹಿತ್ತಿಲ ಗೋಡೆ ಹಾರಿ ಓಡಿ ಬರುವುದಕ್ಕೂ, ಇಷ್ಬೆಲ್ ಅದನ್ನು ಕುದಿಯುವ ಹಂಡೆಯಿಂದ ಕೋಲಿನಲ್ಲಿ ಮೇಲೆತ್ತುವುದಕ್ಕೂ ಸರಿಹೋಯಿತು. ನಿನ್ನೆಯವರೆಗೆ ಕೆಂಪು ಹಸಿರು ಚೌಕುಳಿಯಾಗಿದ್ದ ಟಾರ್ಟನ್ ಈಗ ಮಸಿಬಟ್ಟೆಯಂತೆ ಕರ್ರಗೆ ತೊಟ್ಟಿಕ್ಕುತ್ತಿತ್ತು.

"ನಿಂದೇ. ಒಗ್ದುಕೊಡ್ತೀನಿ ಅಂತ ಸುಳ್ಳು ಹೇಳಿ ಇಸ್ಕೊಂಡೆ," ಎಂದಳು ಅವಳು, ಅವನ ಮುಖ ನೋಡದೆ.

"ನಮ್ಮಪ್ಪ ಕಲೋಡನ್ ಬಯಲಲ್ಲಿ ಇದೇ ಚೌಕುಳಿ ಹೊದ್ದು ಸತ್ತ. ಅದಕ್ಕೆ ಮಸಿ ಬಳಿದ್ಯಾ?"

"ನೀನು ಸಾಯಬಾರ್ದು ಅಂತ ಬಳಿದೆ."

ಕಲೋಡನ್ ಯುದ್ಧದಲ್ಲಿ ಬೆಟ್ಟನಾಡಿನವರು ಸೋತ ಮೇಲೆ ರಾಜನ ಕಾನೂನು ಬಂದಿತ್ತು. ಬೆಟ್ಟನಾಡಿನ ಗಂಡಸರು ಟಾರ್ಟನ್ ಉಡುವ ಹಾಗಿಲ್ಲ. ಒಮ್ಮೆ ಸಿಕ್ಕಿದರೆ ಆರು ತಿಂಗಳು ಸೆರೆಮನೆ, ಎರಡನೇ ಸಲ ಸಿಕ್ಕಿದರೆ ಏಳು ವರ್ಷ ಕಡಲಾಚೆಯ ತೋಟಗಳಲ್ಲಿ ಜೀತ. ಲಾಕ್ಲನ್ ಆರು ತಿಂಗಳು ಮುಗಿಸಿ ಬಂದು ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಓಟ್ಸ್ ಕಟಾವು ಮುಗಿದರೆ ಅವರಿಬ್ಬರ ಮದುವೆ. ಕಂಬಳಿಗೆ ಒಂದೇ ಬಣ್ಣ ಬಳಿದಿದ್ದರೆ ಸಿಪಾಯಿಗಳು ಕಂಡೂ ಕಾಣದ ಹಾಗೆ ಹೋಗುತ್ತಿದ್ದರು. ಹೆಂಗಸರ ಸುದ್ದಿಗಂತೂ ಆ ಕಾನೂನು ಬಂದೇ ಇರಲಿಲ್ಲ.

"ಎಲ್ಲರ ಹಾಗೆ ಇಜಾರ ಹಾಕ್ಕೊಂಡಿದ್ರೆ ಈ ಗೋಳು ಇರ್ತಿತ್ತಾ?"

"ಹಾಕ್ಕೊಂಡಿದ್ದೆ ಕಣೇ ಒಂದಿನ. ನಮ್ ಹಸು ಗುರುತೇ ಹಿಡೀಲಿಲ್ಲ. ಒದ್ದುಬಿಡ್ತು."

ಇಷ್ಬೆಲ್‌ಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ, ಅವಳು ನಗುವುದನ್ನೇ ನೋಡುತ್ತ ನಿಂತ. ಆಮೇಲೆ ತನ್ನ ಟೋಪಿಯಲ್ಲಿದ್ದ ಜೂನಿಪರ್ ಚಿಗುರನ್ನು ತೆಗೆದು ಅವಳ ಕಿವಿಯ ಹಿಂದೆ ಸಿಕ್ಕಿಸಿದ. ಅವನ ಮ್ಯಾಕ್‌ಓರನ್ ಕುಲದ ಗಂಡಸರು ಯುದ್ಧಕ್ಕೆ ಹೋಗುವಾಗ ಮುಡಿಯುತ್ತಿದ್ದ ಗುರುತು ಅದು. ಅವನ ಬೆರಳು ಅವಳ ಕೆನ್ನೆಯ ಹತ್ತಿರ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಇತ್ತು.

"ಕೋಪ ಇಳೀತಾ?" ಎಂದು ಕೇಳಿದಳು ಅವಳು.

"ಎಲ್ಲಿ ಇಳಿಯತ್ತೆ? ಮದುವೆ ಆಗ್ಲಿ, ಬಡ್ಡಿ ಸಮೇತ ತೀರಿಸ್ಕೋತೀನಿ."

ಅವನು ಹೋದ ಮೇಲೆ ಅಜ್ಜಿ ಎಫ್ರಿಕ್ ಬಂದು ಕಂಬಳಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಇಷ್ಬೆಲ್‌ಗೆ ನೇಯ್ಗೆ ಕಲಿಸಿದವಳು ಅವಳೇ.

"ಇನ್ನೊಂದ್ಸಲ ಅದ್ದು ಮಗಳೇ. ಹಳದಿ ಇನ್ನೂ ಹೋಗಿಲ್ಲ."

ಕೆಂಪಿನ ಪಕ್ಕದಲ್ಲಿ ಹಳದಿಯ ಎರಡು ಎಳೆ. ಮ್ಯಾಕ್‌ಓರನ್ನರ ಚೌಕುಳಿಯನ್ನು ದೂರದಿಂದಲೇ ಗುರುತಿಸುತ್ತಿದ್ದದ್ದು ಅವುಗಳಿಂದ. ಆ ಹಳದಿಗಾಗಿ ಇಷ್ಬೆಲ್ ಒಂದು ಬೇಸಿಗೆಯೆಲ್ಲ ಗುಡ್ಡ ಅಲೆದು ಹೂ ಕಿತ್ತಿದ್ದಳು. ಅವನಿಗೆಂದು ನೇಯ್ದ ಮೊದಲ ಕಂಬಳಿ ಅದು. ನೇಯುವಾಗ ಮಗ್ಗದ ಹಿಂದೆ ಕೂತು ಹಾಡುತ್ತ ಅವಳ ನೂಲು ಸಿಕ್ಕು ಮಾಡುತ್ತಿದ್ದವನೂ ಅವನೇ.

ಇಷ್ಬೆಲ್ ಕಂಬಳಿಯನ್ನು ಮತ್ತೆ ಹಂಡೆಯ ಮೇಲೆ ಹಿಡಿದಳು. ತೋಳು ನೋಯುವವರೆಗೂ ಹಿಡಿದೇ ಇದ್ದಳು. ಇಳಿಸಲು ಮನಸ್ಸು ಬರಲಿಲ್ಲ. ಏನೆನ್ನುವುದು ಹೇಳಿ, ಪ್ರೀತಿ ಬುದ್ಧಿಯ ಮಾತು ಕೇಳಿದ್ದು ಯಾವಾಗ?

"ಒಣಗಿದ್ಮೇಲೆ ಕಾಣಲ್ಲ ಬಿಡಜ್ಜಿ."

"ನಮ್ಮೂರಲ್ಲಿ ಬಟ್ಟೆ ಒಣಗಿದ್ದು ಯಾವತ್ತೇ?" ಎಂದಳು ಅಜ್ಜಿ.

ದನದ ಸಂತೆಯ ದಿನ ಮಳೆ ಬಂತು. ಲಾಕ್ಲನ್ ಕರಿ ಕಂಬಳಿ ಹೊದ್ದು, ಹಸುವಿನ ಹಗ್ಗ ಹಿಡಿದು ನಿಂತಿದ್ದ. ಕೆಂಪು ಕೋಟಿನ ಹವಾಲ್ದಾರ ಅವನನ್ನು ದಾಟಿ ಹೋದವನು ತಿರುಗಿ ಬಂದು, ನೆನೆದ ಸೆರಗನ್ನು ಬಂದೂಕಿನ ತುದಿಯಿಂದ ಎತ್ತಿ ನೋಡಿದ. ಕಪ್ಪಿನೊಳಗಿಂದ ಹಳದಿಯ ಎರಡು ಎಳೆ ಚೊಕ್ಕವಾಗಿ ಎದ್ದು ಕಾಣುತ್ತಿದ್ದವು.

"ಮ್ಯಾಕ್‌ಓರನ್. ಎರಡನೇ ಸಲ," ಎಂದ ಹವಾಲ್ದಾರ.

ಅಲ್ಲೇ ಬೆಣ್ಣೆ ಮಾರುತ್ತಿದ್ದ ಇಷ್ಬೆಲ್ ಬುಟ್ಟಿ ಬಿಟ್ಟು ಓಡಿ ಬಂದಳು.

ಹಡಗು ಹೊರಡುವ ದಿನ ಕಡಲ ದಂಡೆಯಲ್ಲಿ ಅವಳಿಗೆ ನಾಲ್ಕು ಮಾತಾಡಲು ಬಿಟ್ಟರು. ಲಾಕ್ಲನ್ನನ ಕೈಗೆ ಕೋಳ ಹಾಕಿದ್ದರು, ಮೈಮೇಲೆ ಸೆರೆಮನೆಯ ಇಜಾರ.

"ಕೊನೆಗೂ ಹಾಕ್ಕೊಂಡೆ ನೋಡು. ಹೇಗಿದೀನಿ?"

"ತಮಾಷೆ ಬೇಡ ಕಣೋ." ಅವಳು ಅವನ ಕೋಳ ಹಿಡಿದುಕೊಂಡಳು. "ನನ್ ತಪ್ಪು. ಇನ್ನೊಂದ್ಸಲ ಅದ್ದು ಅಂತ ಅಜ್ಜಿ ಹೇಳಿದ್ಲು. ನಾನು ಅದ್ದಲಿಲ್ಲ. ಆ ಎಳೆಗಳನ್ನ ನನ್ ಕೈಯಾರೆ ಕೊಲ್ಲೋಕೆ ಆಗ್ಲಿಲ್ಲ. ನಿನ್ನನ್ನೇ ಕೊಂದ ಹಾಗಾಯ್ತು."

"ಗೊತ್ತಿತ್ತು."

"ಏನು ಗೊತ್ತಿತ್ತು?"

"ಹೊದ್ದ ಮೊದಲ್ನೇ ದಿನಾನೇ ಹೊಳೆ ದಾಟುವಾಗ ಸೆರಗು ನೆನೀತು. ಕಾಣಿಸ್ತು."

"ಮತ್ಯಾಕೋ ಹೊದ್ಕೊಂಡು ಸಂತೆಗೆ ಬಂದೆ, ಹುಚ್ಚ?"

"ನಿನ್ ಕೈಲಿ ಅದ್ದೋಕಾಗದೆ ಉಳಿಸಿದ್ದು ಅದು. ನನ್ ಕೈಲಿ ಹೇಗೆ ಬಿಚ್ಚೋಕಾಗತ್ತೆ ಹೇಳು?"

ಅವಳು ತಂದಿದ್ದ ಜೂನಿಪರ್ ಚಿಗುರನ್ನು ಅವನ ಕಿವಿಯ ಹಿಂದೆ ಸಿಕ್ಕಿಸಿದಳು. ಸಿಪಾಯಿಯೊಬ್ಬ ಅದನ್ನು ಕಿತ್ತು ನೀರಿಗೆಸೆದು ಅವನನ್ನು ದೋಣಿಗೆ ತಳ್ಳಿದ.

"ಏಳು ವರ್ಷ ಕಾಯ್ತೀನಿ," ಎಂದು ಕೂಗಿದಳು.

"ಬೇಡ ಕಣೇ," ಎಂದ ಅವನು. ಹೋದವರಲ್ಲಿ ಒಬ್ಬರೂ ತಿರುಗಿ ಬಂದಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ವಿಚಾರಣೆಯಲ್ಲಿ ಸಾಕ್ಷಿಯಾಗಿ ಇಟ್ಟಿದ್ದ ಕಂಬಳಿಯನ್ನು ಹವಾಲ್ದಾರ ಅವಳ ಕಡೆ ಎಸೆದ. ಅವಳು ಅದನ್ನು ಹೆಗಲ ಮೇಲೆ ಹೊದ್ದು, ದೋಣಿಯಿಂದ ಕಾಣಲೆಂದು ಬಂಡೆ ಹತ್ತಿ ನಿಂತಳು. ತುಂತುರು ಶುರುವಾಯಿತು. ಅವಳ ಹೆಗಲ ಮೇಲೆ ಹಳದಿಯ ಎರಡು ಎಳೆ ಮೆಲ್ಲಗೆ ಮೂಡಿದವು. ಹಡಗಿನ ಕಡೆ ಹೋಗುತ್ತಿದ್ದ ದೋಣಿ ಚಿಕ್ಕದಾಗುತ್ತ ಹೋಯಿತು.

ಅವಳು ಬಂಡೆಯಿಂದ ಇಳಿದು ಹವಾಲ್ದಾರನ ಮುಂದೆ ಬಂದು ನಿಂತಳು.

"ನೋಡಿ, ಟಾರ್ಟನ್ ಹೊದ್ದಿದೀನಿ. ಎರಡು ಎಳೇನೂ ಕಾಣ್ತಿವೆ. ನನ್ನೂ ಹಿಡ್ಕೊಂಡು ಹೋಗಿ ಸ್ವಾಮಿ. ಅದೇ ಹಡಗಿಗೆ ಹಾಕಿ."

ಹವಾಲ್ದಾರ ಅವಳನ್ನೊಮ್ಮೆ ನೋಡಿ, ಮುಖ ಆಚೆ ತಿರುಗಿಸಿಕೊಂಡ.

"ಹೆಂಗಸರಿಗೆ ಕಾನೂನಿಲ್ಲಮ್ಮ," ಎಂದ. "ಮನೆಗೆ ಹೋಗು."