ಅಮಿ ಗುಡ್ಡದ ಬೂದಿ ಭರಣಿ

"ಆ ಭರಣಿ ಮುಟ್ಬೇಡ ಕಣೋ ತಮ್ಮಾ. ಎಲ್ಲಿತ್ತೋ ಅಲ್ಲೇ ಇಟ್ಟು ಮಣ್ಣು ಮುಚ್ಚು. ಒಂದು ತುತ್ತು ಅನ್ನ ಇಟ್ಟು ಕೈ ಮುಗಿ," ಎಂದಳು ಪಕ್ಕದ ಗುಡಿಸಲಿನ ಸಾಮ್ವೊಲ್ ಅಜ್ಜಿ.

ತೇಗಿಲ್ ನಕ್ಕುಬಿಟ್ಟ. "ನಮಗೇ ಗಂಜಿಗೆ ಗತಿಯಿಲ್ಲ, ಜಪಾನಿ ಹೆಣಕ್ಕೆ ಅನ್ನ ಇಡ್ಬೇಕಾ? ಇಷ್ಟು ವರ್ಷ ನಮ್ಮನ್ನ ತಿಂದಿದ್ದು ಸಾಲ್ಲಿಲ್ವಂತಾ ಅವ್ರಿಗೆ?"

ಯುದ್ಧಕ್ಕೆ ಹೆದರಿ ಉತ್ತರದಿಂದ ಹಡಗು ಹತ್ತಿ ಬಂದವರಿಗೆ ದಕ್ಷಿಣದ ಬಂದರು ಪೂಸಾನ್‌ನಲ್ಲಿ ಉಳಿದಿದ್ದ ಜಾಗ ಅದೊಂದೇ, ನಾಡನ್ನಾಳಿದ ಜಪಾನೀಯರು ಬಿಟ್ಟುಹೋದ ಅಮಿ ಗುಡ್ಡದ ಸ್ಮಶಾನ. ಸಮಾಧಿಯ ಕಟ್ಟೆಗಳೇ ತಳಪಾಯ, ಹೆಸರು ಕೆತ್ತಿದ ಕಲ್ಲುಗಳೇ ಮೆಟ್ಟಿಲು. ಸತ್ತವರ ಮೇಲೆ ಒಲೆ ಹೂಡಿ, ಅವರ ಮೇಲೆಯೇ ಮಕ್ಕಳನ್ನು ಮಲಗಿಸಿಕೊಂಡು ಜನ ಬದುಕುತ್ತಿದ್ದರು. ಹೊಸದಾಗಿ ಬಂದ ತೇಗಿಲ್ ಒಲೆಗೆ ಗುಂಡಿ ತೋಡುವಾಗ ಆ ಭರಣಿ ಸಿಕ್ಕಿತ್ತು. ಒಳಗೆ ನುಣ್ಣನೆಯ ಬೂದಿ, ಅಕ್ಕಿಕಾಳಿನಷ್ಟು ಸಣ್ಣ ಮೂಳೆಚೂರುಗಳು.

ಅವನು ಅದನ್ನು ಇಳಿಜಾರಿಗೆ ಸುರಿದ. ಕಡಲ ಗಾಳಿ ಬೂದಿಯನ್ನು ಎತ್ತಿ ಹಿಂದಕ್ಕೆ ಎಸೆಯಿತು. ಬಾಗಿಲಲ್ಲಿ ನಿಂತಿದ್ದ ಐದು ವರ್ಷದ ಮಗಳು ಮಾಲ್ಸುನ್ ಕೆಮ್ಮಿದಳು. ಹೆಂಡತಿ ಒಕ್ಬುನ್ ಭರಣಿ ತೊಳೆದು ಕುಡಿಯುವ ನೀರು ತುಂಬಿದಳು.

ಸಂಜೆಯಾಗುತ್ತಲೇ ಗುಡಿಸಲು ಕೂದಲು ಸುಟ್ಟ ವಾಸನೆಯಿಂದ ತುಂಬಿತು. ನೆಲದಡಿಯಿಂದ ಉಗುರಲ್ಲಿ ಕೆರೆದಂಥ ಸದ್ದು. ಮಗುವಿನ ಮೈ ಕೆಂಡವಾಯಿತು. ನಾಲಿಗೆಯ ಮೇಲೆ ಬೂದಿ. ಎಷ್ಟು ಒರೆಸಿದರೂ ಮತ್ತೆ ಬೂದಿ.

ಬೆಳಗ್ಗೆ ಅಜ್ಜಿ ಮಾಟ ಬಿಡಿಸುವ ಹೆಂಗಸನ್ನು ಕರೆತಂದಳು. ಅವಳು ಜಾಗಟೆ ಬಡಿದು, ಮಗುವಿನ ಸುತ್ತ ಚೂರಿ ನಿವಾಳಿಸಿ ಹೊರಕ್ಕೆಸೆದಳು. ಚೂರಿಯ ಮೊನೆ ಹೊರಗೆ ತಿರುಗಿದರೆ ದೆವ್ವ ಬಿಟ್ಟಿತೆಂದು ಅರ್ಥ. ಮತ್ತೆ ಮತ್ತೆ ಎಸೆದಳು. ಪ್ರತಿಸಲವೂ ಮೊನೆ ಮನೆಯ ಕಡೆಗೇ.

"ಇವಳ ಮೈ ಹೊಕ್ಕಿರೋದೂ ಒಂದು ಮಗೂನೇ," ಎಂದಳು ಆಕೆ, ಬೆವರುತ್ತಾ. "ಅದಕ್ಕಿದ್ದ ಗೂಡು ನೀನು ಚೆಲ್ಬಿಟ್ಟೆ. ಬೂದಿ ತಾ. ಇಲ್ದಿದ್ರೆ ಎಲ್ಲಿಗೆ ಅಂತ ಕಳಿಸ್ಲಿ?"

ತೇಗಿಲ್ ಇಳಿಜಾರಿಗೆ ಓಡಿದ. ಮೊಣಕಾಲೂರಿದ. ಬಾಚಿದ. ಒಲೆಬೂದಿ. ಕಲ್ಲಿದ್ದಲ ಪುಡಿ. ಮೀನಿನ ಮೂಳೆ. ಮಣ್ಣು. ಮತ್ತೆ ಬಾಚಿದ. ಉಗುರು ಕಿತ್ತು ರಕ್ತ ಬಂತು. ಮೂಳೆಚೂರು ಒಂದೂ ಇಲ್ಲ. ಮೇಲೆ ಜಾಗಟೆ ನಿಂತಿತು.

ಅವನು ಏದುಸಿರು ಬಿಡುತ್ತಾ ಬಂದಾಗ ಮಗುವಿನ ಜ್ವರ ಇಳಿದಿತ್ತು. ಕಣ್ಣು ತೆರೆದಿತ್ತು. ಮಾಟದ ಹೆಂಗಸು ಯಾರ ಮುಖವನ್ನೂ ನೋಡದೆ ಚೂರಿ ಹೆಕ್ಕಿಕೊಂಡು ಹೊರಟುಹೋದಳು.

"ನನ್ನ ಬಂಗಾರೀ!" ಒಕ್ಬುನ್ ಬಾಚಿ ತಬ್ಬಿಕೊಂಡಳು. ಮಗು ಅವಳನ್ನು ತಳ್ಳಿ ಗೋಡೆಗೆ ಒತ್ತಿಕೊಂಡಿತು. ಮೆಲ್ಲಗೆ ಮಾತಾಡಿತು, ಜಪಾನಿ ಭಾಷೆಯಲ್ಲಿ. ಜಪಾನೀಯರು ಹೋದಮೇಲೆ ಹುಟ್ಟಿದ ಮಾಲ್ಸುನ್ ಆ ಭಾಷೆ ಕೇಳಿಯೇ ಇರಲಿಲ್ಲ. ತೇಗಿಲ್‌ಗೆ ಮಾತ್ರ ಶಾಲೆಯಲ್ಲಿ ಬೆತ್ತದೇಟು ತಿಂದು ಕಲಿತದ್ದು ಮರೆತಿರಲಿಲ್ಲ.

"ಕೆಳಗೆ ತುಂಬಾ ಕತ್ತಲೆ. ನಿಮ್ಮ ಮಗು ಅಲ್ಲಿ ಅಳ್ತಾ ಇದೆ," ಎಂದಿತು ಅದು. "ನಾನು ಮಾತ್ರ ವಾಪಸ್ ಹೋಗಲ್ಲ."

"ಏನಂತೆ? ಏನ್ ಹೇಳ್ತಿದಾಳೆ, ಹೇಳ್ರೀ!" ಒಕ್ಬುನ್ ಅವನ ತೋಳು ಹಿಡಿದು ಅಲುಗಿಸಿದಳು.

ತೇಗಿಲ್ ಬಗ್ಗಿ ನೆಲಕ್ಕೆ ಅಂಗೈ ಒತ್ತಿದ.

"ಹಸಿವಂತೆ," ಎಂದ.