ಕೈಕಟ್ಟಿ ಕುಳಿತ ಕಣಗಳು

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಅಪರಾಧ ಬಯಲಾಯಿತು.

ರಕ್ತ ಹರಿದಿರಲಿಲ್ಲ. ಕಿಟಕಿ ಒಡೆದಿರಲಿಲ್ಲ. ಸಂಶೋಧನಾಲಯದ ಮೂರನೇ ಮಹಡಿಯಲ್ಲಿ, ಸೂಕ್ಷ್ಮದರ್ಶಕದ ಕೆಳಗೆ, ಅಂಗೈಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ತಟ್ಟೆ ಇತ್ತು. ಅದರಲ್ಲಿ ಹೊಸ ಔಷಧಿಯ ಪ್ರಯೋಗಕ್ಕೆ ಸೇರಿದ್ದ ಏಳನೇ ರೋಗಿಯ ಗಡ್ಡೆಯಿಂದ ತೆಗೆದು ಬೆಳೆಸಿದ ಕ್ಯಾನ್ಸರ್ ಕೋಶಗಳು. ಜೊತೆಗೆ ಅದೇ ರೋಗಿಯ ರಕ್ತದಿಂದ ಬೇರ್ಪಡಿಸಿದ ಟಿ ಕಣಗಳು. ಮೈಯಲ್ಲಿ ಇರಬಾರದ್ದನ್ನು ಹುಡುಕಿ ಕೊಲ್ಲುವುದೇ ಈ ಕಣಗಳ ಕಸುಬು. ಮೂರು ವಾರದ ಹಿಂದೆ ತೆಗೆದ ರಕ್ತದ ಕಣಗಳು ಒಂದೇ ದಿನದಲ್ಲಿ ಮುಕ್ಕಾಲು ತಟ್ಟೆ ಖಾಲಿ ಮಾಡಿದ್ದವು.

ಈ ಸಲ ಕ್ಯಾನ್ಸರ್ ಕೋಶಗಳು ಹಾಯಾಗಿ ಹಬ್ಬಿದ್ದವು. ಟಿ ಕಣಗಳು ಪಕ್ಕದಲ್ಲೇ ಕೈಕಟ್ಟಿ ಕುಳಿತಿದ್ದವು.

ತಟ್ಟೆ ನೋಡುತ್ತಿದ್ದವಳನ್ನು ಎಲ್ಲರೂ ದುರ್ಬೀನಕ್ಕ ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಟಿ ಕಣಗಳ ಹಿಂದೆ ಬಿದ್ದಿದ್ದ ಸಂಶೋಧಕಿ. ಏನೇ ಕಂಡರೂ ಎರಡು ಸಲ ನೋಡುವ ಚಾಳಿ.

ಎರಡನೇ ಸಲ ನೋಡಿದಳು. ಫೋನೆತ್ತಿ ಆಸ್ಪತ್ರೆಯ ಡಾಕ್ಟರಿಗೆ ಹೇಳಿದಳು.

“ಹಾಗಿದ್ರೆ ಔಷಧಿ ಕೈಕೊಟ್ಟಿದೆ,” ಎಂದರು ಡಾಕ್ಟರು. ಅವರ ದನಿ ಇಳಿದಿತ್ತು. “ಶುಕ್ರವಾರ ಸಭೆ ಇದೆ. ಅವರನ್ನ ಪ್ರಯೋಗದಿಂದ ಕೈಬಿಡಬೇಕಾಗತ್ತೆ. ಬೇರೆ ದಾರಿ ಏನೂ ಉಳಿದಿಲ್ಲ ಅವರಿಗೆ.”

“ಶುಕ್ರವಾರದ ತನಕ ಏನೂ ಬರೀಬೇಡಿ ಡಾಕ್ಟ್ರೇ.”

“ಯಾಕೆ?”

“ಔಷಧಿ ಕೈಕೊಟ್ರೆ ನಿಧಾನಕ್ಕೆ ಕೊಡತ್ತೆ. ಇದು ಸ್ವಿಚ್ ಆರಿಸಿದ ಹಾಗಿದೆ. ಯಾರೋ ಏನೋ ಮಾಡಿದಾರೆ.”

*

ಏಳನೇ ರೋಗಿ ಒಬ್ಬ ನಿವೃತ್ತ ಬಸ್ ಡ್ರೈವರ್. ಅರವತ್ತಾರು ವರ್ಷ. ಮೂತ್ರಪಿಂಡದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಆಸ್ಪತ್ರೆಗೆ ಯಾವಾಗಲೂ ಅಣ್ಣನ ಜೊತೆ ಬರುತ್ತಿದ್ದರು. ಅಣ್ಣ ಅವರ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವರು. ಇಬ್ಬರೂ ಮದುವೆಯಾಗಲಿಲ್ಲ. ಮೂವತ್ತು ವರ್ಷ ಒಂದೇ ಬಸ್ಸು, ಈಗ ಒಂದೇ ಮನೆ. ಜಗಳಕ್ಕೆ ಮಾತ್ರ ಬರವಿಲ್ಲ.

ಮೊದಲ ದಿನ ಡಾಕ್ಟರು ವಿವರಿಸಿದ್ದು ದುರ್ಬೀನಕ್ಕನಿಗೆ ಇನ್ನೂ ನೆನಪಿತ್ತು.

“ನಿಮ್ಮ ಟಿ ಕಣಗಳಿಗೆ ಒಂದು ಬ್ರೇಕ್ ಇರತ್ತೆ. ಗಡ್ಡೆ ಅದನ್ನ ಒತ್ತಿ ಹಿಡಿದಿದೆ. ಈ ಔಷಧಿ ಬ್ರೇಕ್ ಬಿಡಿಸತ್ತೆ, ಅಷ್ಟೆ. ಹೋರಾಡೋದೆಲ್ಲ ನಿಮ್ಮ ಕಣಗಳೇ.”

“ಬ್ರೇಕ್ ಇಲ್ದೆ ಓಡ್ಸೋದು ಇವನಿಗೆ ಅಭ್ಯಾಸ ಇದೆ ಡಾಕ್ಟ್ರೇ,” ಎಂದಿದ್ದರು ಕಂಡಕ್ಟರು. “ಮೂವತ್ತು ವರ್ಷ ಒಂದು ಸ್ಟಾಪಲ್ಲೂ ನೆಟ್ಟಗೆ ನಿಲ್ಸಿಲ್ಲ.”

“ನೀನು ಸೀಟಿ ಊದಿದ್ರೆ ತಾನೆ ನಿಲ್ಸೋದು!”

ದುರ್ಬೀನಕ್ಕ ಅಂದು ನಕ್ಕಿದ್ದಳು. ಸೋಮವಾರ ನಗು ಬರಲಿಲ್ಲ.

*

ಮೊದಲ ಅನುಮಾನ ರಕ್ತ ತೆಗೆಯುವ ಸಿಸ್ಟರ್ ಮೇಲೆ.

“ಶನಿವಾರ ರಕ್ತ ತೆಗೆದು ಎಷ್ಟು ಹೊತ್ತಿಗೆ ಕಳಿಸಿದ್ರಿ?”

“ಇಪ್ಪತ್ತೇ ನಿಮಿಷದಲ್ಲಿ ಅಕ್ಕಾ.”

“ಬಿಸಿಲಿಗೆ ಇಟ್ರಾ?”

“ಅಯ್ಯೋ, ನನ್ನ ಮಗು ಥರ ಎತ್ಕೊಂಡು ಹೋಗಿದ್ದೀನಿ! ಅದೇ ಪೆಟ್ಟಿಗೇಲಿ ಐದನೇ ರೋಗಿ ರಕ್ತಾನೂ ಇತ್ತು. ಅದು ಹೇಗಿದೆ ನೋಡಿ.”

ನೋಡಿದಳು. ಐದನೇ ರೋಗಿಯ ಕಣಗಳು ಭರ್ಜರಿಯಾಗಿ ಕೆಲಸ ಮಾಡುತ್ತಿದ್ದವು. ಸಿಸ್ಟರ್ ನಿರ್ದೋಷಿ.

ಎರಡನೇ ಪ್ರಶ್ನೆ: ಕಣಗಳು ಸತ್ತಿವೆಯೋ, ಮಲಗಿವೆಯೋ? ಸ್ವಲ್ಪ ಕಣಗಳನ್ನು ತೆಗೆದು ಚೆನ್ನಾಗಿ ತೊಳೆದಳು. ಹೊಸ ಪೋಷಕ ದ್ರವದಲ್ಲಿ ಎರಡು ದಿನ ವಿಶ್ರಾಂತಿಗೆ ಬಿಟ್ಟಳು.

ಬುಧವಾರ ಬೆಳಗ್ಗೆ ಅವು ಎದ್ದು ಕುಳಿತಿದ್ದವು. ಕ್ಯಾನ್ಸರ್ ಕೋಶಗಳ ಮುಂದೆ ಬಿಟ್ಟರೆ, ಮಧ್ಯಾಹ್ನದೊಳಗೆ ಹಳೆಯ ಕಸುಬು ಶುರು.

ಅಂದರೆ ಕಣಗಳಲ್ಲಿ ದೋಷವಿಲ್ಲ. ಔಷಧಿಯಲ್ಲೂ ಇಲ್ಲ. ದೋಷವಿರುವುದು ಅವು ಈಜುತ್ತಿದ್ದ ರಕ್ತದಲ್ಲಿ.

ಅದಕ್ಕೂ ಒಂದು ಪರೀಕ್ಷೆ ಸೋಮವಾರವೇ ಹೂಡಿದ್ದಳು. ತನ್ನದೇ ತೋಳಿನಿಂದ ರಕ್ತ ತೆಗೆಸಿ, ಆ ಕಣಗಳನ್ನು ಎರಡು ಭಾಗ ಮಾಡಿದ್ದಳು. ಒಂದಕ್ಕೆ ಡ್ರೈವರ ಹಳೆಯ ಸೀರಮ್, ಅಂದರೆ ಕಣಗಳನ್ನು ತೆಗೆದ ರಕ್ತದ ತಿಳಿ, ಮೂರು ವಾರದಿಂದ ಫ್ರೀಜರಿನಲ್ಲಿದ್ದದ್ದು. ಇನ್ನೊಂದಕ್ಕೆ ಶನಿವಾರದ್ದು. ಹಳೆಯದರಲ್ಲಿ ಅವಳ ಕಣಗಳು ಚುರುಕಾಗಿದ್ದವು. ಹೊಸದರಲ್ಲಿ ಮಂಕಾಗಿದ್ದವು.

ಅಪರಾಧ ನಡೆದದ್ದು ಈ ಮೂರು ವಾರದಲ್ಲೇ. ಆಯುಧ ಶನಿವಾರದ ಸೀರಮಿನಲ್ಲೇ ಇದೆ. ಅದನ್ನು ರಸಾಯನ ವಿಭಾಗಕ್ಕೆ ಕಳಿಸಿದಳು. ಎರಡು ಗಂಟೆಯಲ್ಲಿ ಯಂತ್ರ ಹೆಸರು ಹೇಳಿತು.

ಸ್ಟಿರಾಯ್ಡ್. ಉರಿಯೂತ ಇಳಿಸುವ ಸಾಮಾನ್ಯ ಮಾತ್ರೆ. ಪ್ರತಿದಿನ ಸೇವಿಸಿದಷ್ಟು ಪ್ರಮಾಣ. ಟಿ ಕಣಗಳನ್ನು ಮಲಗಿಸುವುದರಲ್ಲಿ ಅದನ್ನು ಮೀರಿಸುವವರಿಲ್ಲ.

*

ಬುಧವಾರವೇ ಸಿಸ್ಟರ್ ಡ್ರೈವರನ್ನು ಕರೆಸಿದರು. ಮುಖ ತುಸು ದುಂಡಗಾಗಿತ್ತು. ಡಾಕ್ಟರ ಕೋಣೆಯಲ್ಲಿ ನೆಟ್ಟಗೆ ಕೂತರು.

“ಬೇರೆ ಯಾವ್ದಾದ್ರೂ ಮಾತ್ರೆ ತಗೋತಿದೀರಾ?” ಕೇಳಿದರು ಡಾಕ್ಟರು.

“ಇಲ್ಲ.”

“ಸತ್ಯ ಹೇಳಿ.”

“ಮಾತ್ರೆ ಇಲ್ಲ ಸ್ವಾಮೀ. ಸೈನ್ ಹಾಕಿ ಕೊಟ್ಟಿದೀನಿ, ಬೇರೇನೂ ಮುಟ್ಟಲ್ಲ ಅಂತ.” ನೆಲ ನೋಡಿದರು. “ಒಂದು ಪುಡಿ... ಪಕ್ಕದ ಮನೆಯಾಕೆ ಕೊಟ್ಟಿದ್ಳು. ಮೂರು ದಿನ ತಿಂದೆ.”

“ಯಾವುದಕ್ಕೆ ಪುಡಿ?” ದುರ್ಬೀನಕ್ಕ ಮುಂದೆ ಬಾಗಿದಳು.

“ಬೆರಳಿಗೆ. ಗಂಟುಗಳೆಲ್ಲ ಊದ್ಕೊಂಡಿದ್ವು. ಮೂರು ವಾರದ ಹಿಂದಿನ ಮಾತು. ಈಗ ಇಲ್ಲ, ಹೋಯ್ತು.”

“ನಮಗೆ ಯಾಕೆ ಹೇಳ್ಲಿಲ್ಲ?” ಡಾಕ್ಟರಿಗೆ ಸಿಟ್ಟು ಬಂತು.

“ಹೇಳಿದ್ರೆ ಔಷಧಿ ನಿಲ್ಸಿಬಿಡ್ತೀರೇನೋ ಅಂತ ಹೆದರಿದೆ.”

ಪುಡಿಯ ಡಬ್ಬಿ ಅವರ ಚೀಲದಲ್ಲೇ ಇತ್ತು. ಡಾಕ್ಟರು ಕಳ್ಳ ಸಿಕ್ಕನೆಂದು ನಿಟ್ಟುಸಿರು ಬಿಟ್ಟರು. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವುದು ಅವರಿಗೆ ಹೊಸದಲ್ಲ.

ಸಂಜೆ ವರದಿ ಬಂತು. ಒಣ ಶುಂಠಿ. ಬರೀ ಒಣ ಶುಂಠಿ.

“ಹಾಗಾದ್ರೆ ಸುಳ್ಳು ಹೇಳ್ತಿದಾರೆ,” ಎಂದರು ಡಾಕ್ಟರು.

ದುರ್ಬೀನಕ್ಕ ಇಲ್ಲವೆಂದು ತಲೆಯಾಡಿಸಿದಳು. “ಶುಂಠಿ ಪುಡೀನೇ ಒಪ್ಕೊಂಡ ಮನುಷ್ಯ ಮಾತ್ರೆ ಮುಚ್ಚಿಡ್ತಾರಾ? ಅವರು ತಗೊಂಡಿಲ್ಲ ಡಾಕ್ಟ್ರೇ. ಯಾರೋ ಅವರಿಗೆ ಕೊಡ್ತಿದಾರೆ.”

*

ಗುರುವಾರ ಬೆಳಗ್ಗೆ ಎಂಟಕ್ಕೆ ಸಿಸ್ಟರ್ ಜೊತೆ ದುರ್ಬೀನಕ್ಕ ಅಣ್ಣತಮ್ಮಂದಿರ ಮನೆಗೆ ಹೋದಳು. ಕೆಳಗಿನ ಅಂಗಡಿಯಿಂದ ಹಾಲು ಹಿಡಿದು ಕಂಡಕ್ಟರೂ ಮೆಟ್ಟಿಲ ಬಳಿ ಸಿಕ್ಕರು. ಮೊದಲ ಮಹಡಿ. ಹದಿನೆಂಟು ಮೆಟ್ಟಿಲಿಗೆ ಕಂಡಕ್ಟರು ನಾಲ್ಕು ಸಲ ನಿಂತರು. ಪ್ರತಿಸಲವೂ ಗೋಡೆಯ ಬಣ್ಣ ನೋಡುವವರಂತೆ ನಟಿಸಿದರು. ಎದೆಯೊಳಗೆ ಸಣ್ಣಗೆ ಸಿಳ್ಳೆ.

“ಉಬ್ಬಸಾನಾ?” ಕೇಳಿದಳು.

“ಹಳೇ ಗೆಳೆಯ. ಬಸ್ಸಿನ ಧೂಳು ಕೊಟ್ಟ ಪೆನ್ಷನ್.”

ಮನೆ ಅಂದರೆ ಎರಡು ಕೋಣೆ, ಒಂದು ಅಡುಗೆ ಕಟ್ಟೆ. ಎರಡು ಮಂಚಗಳ ನಡುವೆ ಒಂದೇ ಟೇಬಲ್ ಫ್ಯಾನು. ಅದು ತಮ್ಮನ ಕಡೆ ತಿರುಗಿತ್ತು. ಕಂಡಕ್ಟರು ಹಾಲು ಕಾಯಿಸಿ ಲೋಟಕ್ಕೆ ಬಗ್ಗಿಸಿದರು. ಬಂದವರಿಗೆ ಬೆನ್ನು ಮಾಡಿ ನಿಂತು ಚಮಚದಲ್ಲಿ ಕಲಕಿದರು. ಕಲಕುತ್ತಲೇ ಇದ್ದರು.

ಡ್ರೈವರು ಒಂದು ಗುಟುಕು ಕುಡಿದು ಮುಖ ಕಿವಿಚಿದರು.

“ನೋಡಿ ಮೇಡಂ. ಹಾಲಿಗೆ ಅರ್ಧ ಚಮಚ ಸಕ್ಕರೆ ಹಾಕೋಕೆ ಕೈ ನಡುಗ್ತಿದ್ದ ಮನುಷ್ಯ. ಈಗ ಪಾಯಸ ಮಾಡಿ ಕೊಡ್ತಾನೆ!”

“ಯಾವತ್ತಿಂದ?”

“ಎರಡೂವರೆ ವಾರ ಆಗಿರಬೇಕು.”

ದುರ್ಬೀನಕ್ಕ ಮೆಲ್ಲಗೆ ಲೋಟ ಕೇಳಿ ತೆಗೆದುಕೊಂಡಳು. ಮೇಜಿನ ಮೇಲಿಟ್ಟಳು.

“ಕಂಡಕ್ಟ್ರೇ, ನಿಮ್ಮ ಉಬ್ಬಸದ ಮಾತ್ರೆ ತೋರಿಸ್ತೀರಾ?”

ಕಂಡಕ್ಟರು ಒಳಗಿನಿಂದ ತಗಡಿನ ಡಬ್ಬಿ ತಂದರು. ಅವಳು ಹೆಸರು ಓದಿದಳು. ಅದೇ ಸ್ಟಿರಾಯ್ಡ್. ದಿನಕ್ಕೆ ಎರಡರಂತೆ ಮಾತ್ರೆಗಳು ಖಾಲಿಯಾಗಿದ್ದವು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.

“ಲೆಕ್ಕ ಸರಿಯಾಗಿದೆಯಲ್ಲ,” ಎಂದರು ಸಿಸ್ಟರ್, ಗೊಂದಲದಲ್ಲಿ.

“ಸರಿಯಾಗಿದೆ. ಆದ್ರೆ ದಿನಾ ಎರಡು ಮಾತ್ರೆ ನುಂಗೋರು ನಾಲ್ಕು ಸಲ ನಿಂತು ಮೆಟ್ಟಿಲು ಹತ್ತಲ್ಲ. ಮಾತ್ರೆ ಹೊಟ್ಟೆಗೆ ಹೋಗಿದೆ. ಯಾರ ಹೊಟ್ಟೆಗೆ ಕಂಡಕ್ಟ್ರೇ?”

ಕಂಡಕ್ಟರು ಮಂಚದ ಅಂಚಿಗೆ ಕುಸಿದು ಕೂತರು.

“ಒಂದಿನ ಬೆಳಗ್ಗೆ ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಇವನ ಕೈಲಿ ಆಗ್ಲಿಲ್ಲ. ಬಾಗಿಲ ಹಿಂದೆ ನಿಂತು ಅಳ್ತಿದ್ದ, ನನಗೆ ಕಾಣಬಾರದು ಅಂತ. ಸ್ಟೀರಿಂಗ್ ಹಿಡಿದ ಕೈ ಅಮ್ಮಾ ಅದು. ಈ ಮಾತ್ರೆ ಶುರು ಮಾಡಿದಾಗ ನನ್ನ ಮಂಡಿ ನೋವೂ ಹೋಗಿತ್ತು. ಅದಕ್ಕೇ... ಇವನಿಗೆ ಹೇಳಿದ್ರೆ ತಗೋತಿರ್ಲಿಲ್ಲ. ರೂಲ್ಸು ಅಂತಿದ್ದ. ಹಾಲಲ್ಲಿ ಪುಡಿ ಮಾಡಿ ಹಾಕ್ದೆ. ಕಹಿ ಗೊತ್ತಾಗಬಾರದು ಅಂತ ಸಕ್ಕರೆ.”

“ನಿನಗೆ?” ಡ್ರೈವರು ಅಣ್ಣನ ಕಡೆ ತಿರುಗಿದರು. “ನಿನ್ನ ಮಾತ್ರೆ?”

“ನನಗೆ ಒಂದು ವಾರಕ್ಕಾಗುವಷ್ಟು ಹಳೇದು ಇತ್ತು. ಆಮೇಲೆ... ಅಭ್ಯಾಸ ಆಯ್ತು ಬಿಡು.”

“ಅಭ್ಯಾಸಾನಾ? ಉಸಿರಾಡದೇ ಇರೋದು ಅಭ್ಯಾಸ ಆಗತ್ತೇನೋ ಅಣ್ಣಾ?”

ದುರ್ಬೀನಕ್ಕ ಕುರ್ಚಿ ಎಳೆದುಕೊಂಡು ಇಬ್ಬರ ನಡುವೆ ಕೂತಳು.

“ಕೇಳಿ. ಔಷಧಿ ಬ್ರೇಕ್ ಬಿಡಿಸಿತ್ತು. ನಿಮ್ಮ ಕಣಗಳು ಗಡ್ಡೆ ಮೇಲೆ ಬಿದ್ವು. ಜೊತೆಗೆ ದಾರಿ ತಪ್ಪಿ ಬೆರಳ ಕೀಲಿಗೂ ಕೈ ಹಾಕಿದ್ವು. ಈ ಚಿಕಿತ್ಸೇಲಿ ಹಾಗಾಗೋದುಂಟು. ಇವರ ಮಾತ್ರೆ ಕೀಲಿನ ಕಣಗಳನ್ನ ಮಲಗಿಸ್ತು, ನೋವು ಹೋಯ್ತು. ಗಡ್ಡೆ ಹತ್ರ ಇದ್ದೋವನ್ನೂ ಮಲಗಿಸ್ತು.”

ಕಂಡಕ್ಟರ ಮುಖ ಬಿಳಿಚಿತು. “ಅಂದ್ರೆ ನನ್ನ ಕೈಯಾರೆ ತಮ್ಮನ್ನ ಕೊಲ್ತಿದ್ನಾ?”

“ಇಲ್ಲ. ಮಲಗಿಸಿದ್ರಿ. ಎಬ್ಬಿಸಬಹುದು. ತಟ್ಟೇಲಿ ನಾನೇ ಎಬ್ಬಿಸಿ ನೋಡಿದೀನಿ.”

ಕಂಡಕ್ಟರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಡ್ರೈವರು ಎದ್ದು ಬಂದು ಪಕ್ಕದಲ್ಲಿ ಕೂತರು. ಬೈಯಲು ಬಾಯಿ ತೆರೆದರು. ಫ್ಯಾನನ್ನು ಎತ್ತಿ ಅಣ್ಣನ ಕಡೆ ತಿರುಗಿಸಿದರು.

“ನೋವು ಮುಚ್ಚಿಟ್ಟ ನೀವೂ ಅಪರಾಧಿನೇ,” ಎಂದಳು ದುರ್ಬೀನಕ್ಕ ಡ್ರೈವರಿಗೆ. “ಇಬ್ಬರೂ ಆಸ್ಪತ್ರೆಗೆ ನಡೀರಿ. ಈಗಲೇ.”

*

ಶುಕ್ರವಾರದ ಸಭೆಯಲ್ಲಿ ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ನಡೆದದ್ದನ್ನೆಲ್ಲ ದಾಖಲಿಸಿದರು. ವಾದ ನಡೆಯಿತು. ಕೊನೆಗೆ ಒಪ್ಪಿಗೆ ಸಿಕ್ಕಿತು: ಏಳನೇ ರೋಗಿ ಪ್ರಯೋಗದಲ್ಲಿ ಮುಂದುವರಿಯಬಹುದು.

ಸ್ಟಿರಾಯ್ಡನ್ನು ಒಮ್ಮೆಗೇ ನಿಲ್ಲಿಸುವಂತಿಲ್ಲ. ದೇಹ ತಡೆಯದು. ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಬೆರಳು ಮತ್ತೆ ನೋಯತೊಡಗಿದಾಗ ಕಣಗಳಿಗೆ ತೊಂದರೆ ಕೊಡದ ಬೇರೆ ಔಷಧಿ ಕೊಟ್ಟರು. ಕಂಡಕ್ಟರನ್ನು ಎದೆ ವಿಭಾಗದಲ್ಲಿ ಐದು ದಿನ ಮಲಗಿಸಿದರು. ಹೊರಬಂದಾಗ ಅವರ ಎದೆಯ ಸಿಳ್ಳೆ ನಿಂತಿತ್ತು, ಬಾಯಿ ನಿಂತಿರಲಿಲ್ಲ.

ಆರನೇ ವಾರ ತಟ್ಟೆ ಮತ್ತೆ ಖಾಲಿಯಾಯಿತು. ದುರ್ಬೀನಕ್ಕ ಮೂರು ಸಲ ನೋಡಿದಳು. ಮೂರು ತಿಂಗಳಿಗೆ ಸ್ಕ್ಯಾನಿನಲ್ಲಿ ಗಡ್ಡೆಗಳು ಅರ್ಧಕ್ಕೆ ಕುಗ್ಗಿದ್ದವು. ಪೂರ್ತಿ ಗೆದ್ದಿಲ್ಲ ಎಂದರು ಡಾಕ್ಟರು. ಆದರೆ ಅಂದು ಸ್ಕ್ಯಾನಿನ ಸುದ್ದಿಯನ್ನು ಅವರೇ ಕೋಣೆಯಿಂದ ಓಡಿ ಬಂದು ಹೇಳಿದ್ದರು.

ಆ ಬೆಳಗ್ಗೆ ಅಣ್ಣತಮ್ಮಂದಿರು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಾಗ ದುರ್ಬೀನಕ್ಕ ಆ ದಾರಿಯಲ್ಲಿ ಹಾದುಹೋದಳು. ಡ್ರೈವರ ಒಂದು ಕೈಯಲ್ಲಿ ನೀರಿನ ಬಾಟಲಿ. ಇನ್ನೊಂದರಲ್ಲಿ ಅಣ್ಣನ ಉಬ್ಬಸದ ಎರಡು ಮಾತ್ರೆ.

“ನುಂಗು.”

“ನುಂಗಿದೆ ಕಣೋ.”

“ಬಾಯಿ ತೆಗಿ.”

“ಎಲ್ಲರೂ ನೋಡ್ತಿದಾರೆ. ನಾನು ನಿನ್ನ ಅಣ್ಣ.”

“ಅಣ್ಣನೇ. ತೆಗಿ ಬಾಯಿ. ನಾಲಿಗೆ ಎತ್ತು.”

ಕಂಡಕ್ಟರು ಗೊಣಗುತ್ತ ಬಾಯಿ ತೆರೆದರು. ಡ್ರೈವರು ಕನ್ನಡಕ ಏರಿಸಿ, ಬಗ್ಗಿ, ನಾಲಿಗೆಯ ಅಡಿಯನ್ನೂ ಬಿಡದೆ ನೋಡಿದರು.