ಬೆನ್ನ ಹಿಂದಿನ ಬಾಟಲಿ

"ಕೊಡಿ ಅದನ್ನ! ಗಂಟಲು ಒಣಗ್ತಿದೆ..."

ತನುಜಾ ಎಷ್ಟು ಬೇಡಿದರೂ ನಂದನ್ ಮಿಸುಕಲಿಲ್ಲ. ಅವಳ ಕೈಯಿಂದ ಕಿತ್ತುಕೊಂಡ ನೀರಿನ ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಗೋಡೆ ನೋಡುತ್ತ ನಿಂತ.

ಮದುವೆಯಾದಂದಿನಿಂದ ಅವನು ಅವಳಿಂದ ಏನನ್ನೂ ಕಿತ್ತುಕೊಂಡವನಲ್ಲ.

ಚಿಕ್ಕಮಗಳೂರಿನ ಆ ಆಸ್ಪತ್ರೆಯಲ್ಲಿ, ಗಾಜಿನ ಆಚೆ ಅವರ ಮಗಳು ಮಲಗಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಮೂಗಿನಲ್ಲಿ ನಳಿಕೆ. ಚೀಪುವ ಶಕ್ತಿ ಇನ್ನೂ ಬಂದಿಲ್ಲ. ತಾಯಿ ಹಿಂಡಿಕೊಟ್ಟ ಹಾಲನ್ನೇ ನಳಿಕೆಯಲ್ಲಿ ಇಳಿಸಬೇಕು. ಬೆಳಗಿನಿಂದ ಹಿಂಡಿದರೂ ಬಟ್ಟಲಿನ ತಳ ಮಾತ್ರ ಒದ್ದೆಯಾಗಿತ್ತು.

'ಶಿವನೇ, ಇಷ್ಟೇ ಹಾಲಿನಲ್ಲಿ ಅವಳು ಹೇಗೆ ಉಳೀತಾಳೆ?'

ತನುಜಾಳ ದುಃಖ ಉಕ್ಕಿತು.

"ನೀವು ಬೇಡ ಅಂದ್ರೂ ಆ ಗುಂಡಿ ರಸ್ತೇಲಿ ಸಂಸೆಗೆ ಜೀಪಲ್ಲಿ ಹೋದೆ. ಅದಕ್ಕೇ ಮಗು ಬೇಗ ಹುಟ್ತು ಅಂತ ತಾನೇ ಈ ಸಿಟ್ಟು? ತಪ್ಪು ನಂದೇ ಬಿಡಿ... ಹಾಗಂತ ನೀರೂ ಕೊಡಲ್ವಾ?"

"ಹಾಗಲ್ಲ ಮಾರಾಯ್ತಿ..."

ಅಷ್ಟರಲ್ಲಿ ಬಾಗಿಲಲ್ಲೇ ಮಾತು ಕೇಳಿಸಿಕೊಂಡ ನರ್ಸ್ ರುದ್ರಾಣಿ ಒಳಗೆ ಬಂದರು.

"ಏನ್ರೀ ಅದು ಬೆನ್ನ ಹಿಂದೆ? ನಾಮಕರಣದ ಉಡುಗೊರೆನಾ?"

ನಂದನ್ ತಲೆ ತಗ್ಗಿಸಿದ. "ಮಲ್ಲಂದೂರಿಂದ ಅಮ್ಮ ಫೋನ್ ಮಾಡಿದ್ರು ಸಿಸ್ಟರ್. ಬಾಣಂತಿ ನೀರು ಕುಡಿದ್ರೆ ಹಾಲಿಗೆ ಶೀತ ಇಳಿಯತ್ತಂತೆ, ಮಗೂಗೆ ಉಸಿರು ಕಟ್ಟತ್ತಂತೆ... ಇವಳು ಬಾಯಾರಿ ಅಳೋದು ನೋಡಿ, ನಾನೂ ಬೆಳಗಿಂದ ಕುಡಿದಿಲ್ಲ."

ತನುಜಾ ಆಗ ಅವನ ಮುಖ ನೋಡಿದಳು. ತುಟಿ ಒಡೆದು ಬೆಳ್ಳಗಾಗಿತ್ತು!

"ಒಳ್ಳೆ ಜೋಡಿ ಕಣ್ರೀ!" ರುದ್ರಾಣಿ ಗದರಿದರು. "ಬಾಯಾರಿದ್ರೆ ಬಾಣಂತಿ ಕುಡೀಲೇಬೇಕು. ಅದರಿಂದ ಮಗೂಗೆ ಏನೂ ಆಗಲ್ಲ, ನಿಮ್ಮಮ್ಮನಿಗೆ ನಾನೇ ಹೇಳ್ತೀನಿ. ಜೀಪಿನ ಮಾತು ಬಿಡಮ್ಮ. ಮನಸ್ಸು ಹೀಗೆ ಕುದೀತಿದ್ರೆ ಹಾಲು ಹೇಗೆ ಇಳಿದೀತು? ನೀವು ಬನ್ನಿ, ಅವಳ ಬೆನ್ನು ನೀವಿ."

ನಂದನ್ ಕೊಟ್ಟ ಬಾಟಲಿಯಿಂದ ತನುಜಾ ಗಟಗಟ ಕುಡಿದಳು. ರುದ್ರಾಣಿ ಕೂಸನ್ನು ನಳಿಕೆ ಸಮೇತ ತಂದು ಅವಳ ಬರಿಯೆದೆಗೆ ಒರಗಿಸಿದರು. ಬೆನ್ನ ಮೇಲೆ ನಂದನನ ಅಂಗೈ ನಿಧಾನ ಆಡಿತು.

ಕೂಸಿನ ಬಿಸಿಯುಸಿರು ತಾಗುತ್ತಲೇ ಎದೆ ಜುಮ್ಮೆಂದಿತು. ರುದ್ರಾಣಿ ಹೇಳಿಕೊಟ್ಟಂತೆ ಹಿಂಡಿದಳು. ಒಂದು ಹನಿ... ಇನ್ನೊಂದು... ಬಟ್ಟಲಿನ ತಳ ಮುಚ್ಚಿತು!

ಆ ಹಾಲು ನಳಿಕೆಯಲ್ಲಿ ಇಳಿಯುವವರೆಗೂ ಇಬ್ಬರೂ ಉಸಿರು ಬಿಗಿಹಿಡಿದಿದ್ದರು.

"ನನ್ನ ಮೇಲೆ ಸಿಟ್ಟಿಲ್ವಾ?"

"ಹೆದರಿಕೆ ತನು... ನಿಮ್ಮಿಬ್ಬರನ್ನೂ ಕಳ್ಕೊಂಡ್ರೆ ಅಂತ."

ಅವಳು ಬಾಟಲಿಯನ್ನು ಅವನ ತುಟಿಗೆ ಹಿಡಿದಳು.

"ಮೊದಲು ಇದನ್ನ ಕುಡೀರಿ."

"ನಿಂಗೆ?"

"ತುಂಬಿಸ್ಕೊಂಡು ಬನ್ನಿ. ಇನ್ನೊಂದ್ಸಲ ಹಿಂಡಬೇಕಲ್ಲ... ಬೆನ್ನಿಗೆ ನಿಮ್ಮ ಕೈ ಬೇಕು."